ರಸ್ತೆಗೆ ಹೋಗುವ ಹೊಲದಲ್ಲಿ ಕೊಡೆ ಹಿಡಿದ ಕಲ್ಲು: ಅಗೆಯೋ ಮುಂಚೆ ಯಾರಾದ್ರೂ ಬಂದು ನೋಡ್ತಾರಾ?

ಶುಂಠಿಹೊಲ:

ಎಲ್ಲರಿಗೂ ನಮಸ್ಕಾರ. ನಮ್ಮದು ಬೇಲೂರು ತಾಲ್ಲೂಕು, ಹಳೇಬೀಡು ಕಡೆ. ಊರ ಹೆಸರು ಬರೆಯೋದಿಲ್ಲ. ಹಳೇ ಕಲ್ಲು ಅಂದ ಕೂಡಲೇ ನಿಧಿ ಅಂತ ರಾತ್ರಿ ಹಾರೆ ಹಿಡಕೊಂಡು ಬರೋ ಜನ ನಮ್ಮ ಕಡೆ ಕಡಿಮೆಯೇನಿಲ್ಲ.

ಊರಿನ ಪಡುವಲಿಗೆ ಹೊಸ ಬೈಪಾಸ್ ಬರ್ತಿದೆ. ನಮ್ಮ 3 ಎಕರೆ 10 ಗುಂಟೆಯಲ್ಲಿ 22 ಗುಂಟೆ ಅದಕ್ಕೆ ಹೋಯ್ತು. ಹೆದ್ದಾರಿ ಕಾಯ್ದೆಯ 3ಎ (ಜಮೀನು ಬೇಕು ಅನ್ನೋ ನೋಟಿಸ್) ಬಂತು, 3ಡಿ (ತಗೊಂಡ್ವಿ ಅನ್ನೋ ಪ್ರಕಟಣೆ) ಬಂತು, ಪರಿಹಾರ ಇಷ್ಟು ಅಂತ ಅವಾರ್ಡೂ ಆಯ್ತು. ದುಡ್ಡು ಮಾತ್ರ ಇನ್ನೂ ಖಾತೆಗೆ ಬಿದ್ದಿಲ್ಲ.

ಆ 22 ಗುಂಟೆ ಒಳಗೇ, ಬದುವಿನ ಮೇಲೆ ಒಂದು ಕಲ್ಲಿದೆ. ಮೊಣಕಾಲಿಗಿಂತ ಒಂದು ಗೇಣು ಎತ್ತರ. ಮುಂದುಗಡೆ ಒಬ್ಬ ಕುಳ್ಳ ಹುಡುಗ ನಿಂತಿದ್ದಾನೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೊಂಬಿನ ಥರದ್ದು. ನಮ್ಮಜ್ಜಿ ಅವನನ್ನ ಕೊಡೆರಾಯ ಅಂತಿದ್ರು. ರಾಗಿ ಬಿತ್ತೋ ದಿನ ಮೊದಲ ಹಿಡಿ ಬೀಜ ಅವನ ಬುಡಕ್ಕೆ. ನಾನು ಈಗ ಹಾಕೋದು ಶುಂಠಿ. ಬಿತ್ತನೆ ಗೆಡ್ಡೆ ರೇಟು ನೋಡಿ ಅವನಿಗೆ ಊದುಬತ್ತಿಯಲ್ಲೇ ಮುಗಿಸ್ತೀನಿ.

ಕಲ್ಲಿನ ಹಿಂದಿನ ದಿಣ್ಣೆಗೆ ಹಾಳೂರು ಹೊಲ ಅಂತ ಹೆಸರು. ಅಲ್ಲಿ ಮಣ್ಣು ಬೂದಿ ಬಣ್ಣ. ನಮ್ಮಪ್ಪನ ಕಾಲದಲ್ಲಿ ಜನ ಗಾಡಿ ಕಟ್ಟಿಕೊಂಡು ಬಂದು ಗೊಬ್ಬರಕ್ಕೆ ಅಂತ ಹೇರಿಕೊಂಡು ಹೋಗ್ತಿದ್ರಂತೆ. ಟಿಲ್ಲರ್ ಹೊಡೆದಾಗೆಲ್ಲ ಮಡಕೆ ಚೂರು ಮೇಲೇಳುತ್ತೆ. ಕೆಲವು ಒಳಗೆ ಕಪ್ಪು, ಹೊರಗೆ ಕೆಂಪು, ಮುಟ್ಟಿದರೆ ನುಣ್ಣಗೆ.

ಕಂಟ್ರಾಕ್ಟ್ ಕಡೆಯ ಸೂಪರ್‌ವೈಸರ್ ಒಳ್ಳೇ ಹುಡುಗ. "ದೇವರ ಕಲ್ಲಲ್ವಾ ಸಾರ್, ಕ್ರೇನಲ್ಲಿ ಎತ್ತಿ ನಿಮ್ಮೂರ ಗುಡಿ ಮುಂದೆ ಇಟ್ಟು ಪೂಜೆ ಮಾಡಿಸಿಕೊಡ್ತೀವಿ" ಅಂದ. ನನಗೆ ಅಲ್ಲೇ ಭಯ ಆಗಿದ್ದು. ಹನ್ನೆರಡು ವರ್ಷದ ಹಿಂದೆ ನಮ್ಮ ಸೋದರಮಾವನ ಊರಲ್ಲಿ ನಾಲೆ ತೋಡುವಾಗ ಎರಡು ವೀರಗಲ್ಲು ಅಡ್ಡ ಬಂದ್ವು. ಕೆಲಸದವರು ಕಾಯಿ ಒಡೆದು, ಭಯಭಕ್ತಿಯಿಂದಲೇ ಸರಪಳಿ ಸುತ್ತಿ ಎತ್ತಿದ್ರು. ಒಂದು ನಡುವಿಗೆ ಮುರೀತು. ಅದನ್ನ ಮಾರಮ್ಮನ ಗುಡಿ ಗೋಡೆಗೆ ಒರಗಿಸಿದ್ರು, ಅಕ್ಷರ ಇದ್ದ ಮುಖ ಗೋಡೆ ಕಡೆಗೆ. ಇನ್ನೊಂದಕ್ಕೆ ಮುಂದಿನ ಜಾತ್ರೆಗೆ ಹಸಿರು ಎನಾಮಲ್ ಪೇಂಟ್ ಬಳಿದ್ರು. ಆ ವೀರ ಎಲ್ಲಿ ಬಿದ್ದ, ಯಾವ ಕೆರೆ ಹಿಂದೆ ಸತ್ತ ಅಂತ ಈಗ ಯಾರನ್ನ ಕೇಳೋದು?

ಫಾರಿನ್‌ನಲ್ಲಿ ರಸ್ತೆ, ರೈಲು ಮಾಡೋ ಮುಂಚೆ ಪುರಾತತ್ವದವರು ಬಂದು ಸರ್ವೆ ಮಾಡ್ತಾರೆ ಅಂತ ಕೇಳಿದ್ದೀನಿ. ನಮ್ಮಲ್ಲಿ ಇದೆಯಾ? ಇದ್ದರೆ ಯಾರಿಗೆ ಬರೀಬೇಕು? ಇನ್ನೊಂದು, ಹೇಳೋಕೆ ನಾಚಿಕೆ, ಆದ್ರೂ ಕೇಳ್ತೀನಿ. ಕಲ್ಲಿನ ವಿಷಯ ಹೇಳಿದ್ರೆ ನನ್ನ ಪರಿಹಾರದ ದುಡ್ಡು ನಿಲ್ಲುತ್ತಾ? ಹಳೇ ಸ್ಮಾರಕದ ಸುತ್ತ ಏನೂ ಕಟ್ಟಬಾರದು ಅನ್ನೋ ಆ ನೂರು ಮೀಟರ್ ಕಾನೂನು ಉಳಿದ ಜಮೀನಿಗೆ ಬಂದು ಕೂರುತ್ತಾ? ಚಿಕ್ಕಪ್ಪನ ಮಗ ಹಳೇಬೀಡಲ್ಲಿ ಮನೆ ಮೇಲೊಂದು ರೂಮು ಹಾಕೋಕೆ ಪಟ್ಟ ಪಾಡು ಕಣ್ಣಾರೆ ನೋಡಿದ್ದೀನಿ.

ಹಿಟಾಚಿ_ಮಂಜ:

ಶುಂಠಿ ಅಣ್ಣ, ನಾನು ಹನ್ನೊಂದು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ. ರಸ್ತೆ, ನಾಲೆ, ಪೈಪ್‌ಲೈನ್ ಎಲ್ಲ ಮಾಡಿದ್ದೀನಿ. ಕೆಲಸ ಶುರುವಾಗೋ ಮುಂಚೆ ಮರ ಎಣಿಸೋರು ಬರ್ತಾರೆ, ಕರೆಂಟ್ ಕಂಬ ಎಣಿಸೋರು ಬರ್ತಾರೆ, ಬೋರ್‌ವೆಲ್ ಎಣಿಸೋರು ಬರ್ತಾರೆ. ಹಳೇ ಕಲ್ಲು ಎಣಿಸೋರು ಬಂದಿದ್ದು ನಾನಂತೂ ನೋಡಿಲ್ಲ.

ಕಲ್ಲಾದ್ರೆ ಬಕೆಟ್ ಹಲ್ಲಿಗೆ ತಾಗಿದ ಸದ್ದಲ್ಲೇ ಗೊತ್ತಾಗುತ್ತೆ. ಹುಟ್ಟುಬಂಡೆ ಬೇರೆ ಥರ ಕೂಗುತ್ತೆ, ಒಂಟಿ ಕಲ್ಲು ಬೇರೆ ಥರ. ಮಡಕೆಗೆ ಸದ್ದೇ ಇಲ್ಲ ಅಣ್ಣ. ಟಿಪ್ಪರ್‌ಗೆ ಸುರಿಯುವಾಗ ಕಂಡ್ರೆ ಕಂಡಂಗೆ. ಒಂದ್ಸಲ ಬಾಣಾವರದ ಕಡೆ ಪೈಪ್‌ಲೈನ್ ಟ್ರೆಂಚಲ್ಲಿ ದೊಡ್ಡ ಗುಡಾಣ ಬಂತು, ಸುತ್ತ ಕಲ್ಲು ಚಪ್ಪಡಿ. ಹತ್ತು ನಿಮಿಷಕ್ಕೆ ಇಡೀ ಊರು ಸೇರ್ತು, ಚಿನ್ನ ಚಿನ್ನ ಅಂತ. ಒಳಗಿದ್ದಿದ್ದು ಮಣ್ಣು, ನಾಲ್ಕು ಮೂಳೆ. ಜನ ಬೈಕೊಂಡು ಹೋದ್ರು. ನಮಗೆ ಗಂಟೆ ಲೆಕ್ಕದ ಬಾಡಿಗೆ, ನಿಂತ್ರೆ ಓನರ್ ಫೋನು. ಮುಚ್ಚಿ ಮುಂದೆ ಹೋದ್ವಿ. ಇವತ್ತಿಗೂ ಆ ಜಾಗದ ಮೇಲೆ ಬೈಕಲ್ಲಿ ಹೋಗುವಾಗ ಒಂಥರ ಆಗುತ್ತೆ.

ನೀವು ಮೊದಲು ಮಾಡಬೇಕಾದ್ದು ಒಂದೇ. ಕಲ್ಲಿನ ಸುತ್ತ ಸುಣ್ಣದ ಪುಡಿ ಹಾಕಿ, ನಾಲ್ಕು ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿ. ಹಗಲು ಸೂಪರ್‌ವೈಸರ್‌ಗೆ ಗೊತ್ತಿರುತ್ತೆ. ನೈಟ್ ಶಿಫ್ಟ್ ಆಪರೇಟರ್‌ಗೆ ಕೊಡೆರಾಯನೂ ಒಂದೇ, ಸೈಜುಗಲ್ಲೂ ಒಂದೇ.

ಬಾಂದುಕಲ್ಲು:

ಶುಂಠಿಹೊಲದವರಿಗೆ ನಮಸ್ಕಾರ. ನಾನು ನಿವೃತ್ತ ಭೂಮಾಪಕ. ಹಾಸನ, ಬೇಲೂರು, ಚಿಕ್ಕಮಗಳೂರು ತಾಲ್ಲೂಕುಗಳಲ್ಲಿ 31 ವರ್ಷ ಸರಪಳಿ ಎಳೆದವನು. ಪುರಾತತ್ವ ನನ್ನ ಇಲಾಖೆಯಲ್ಲ. ಆದರೆ ಬದು ಬದು ಸುತ್ತಿದವನಿಗೆ ಕಲ್ಲುಗಳ ಪರಿಚಯ ತಾನಾಗಿ ಆಗುತ್ತದೆ.

ನಾಚಿಕೆಪಡಬೇಡಿ, ದುಡ್ಡಿನ ಪ್ರಶ್ನೆಗೇ ಮೊದಲು ಉತ್ತರ. 3ಡಿ ಪ್ರಕಟವಾದ ದಿನವೇ ಜಾಗ ಸರ್ಕಾರದ್ದಾಯಿತು, ನಿಮಗೆ ಉಳಿದಿರುವುದು ಪರಿಹಾರದ ಹಕ್ಕು. ಅವಾರ್ಡ್ ಆಗಿರುವುದು ಗುಂಟೆಗೆ, ಕಲ್ಲಿಗಲ್ಲ. ಇನ್ನು ನೂರು ಮೀಟರ್. ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಲ್ಲಿ, ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂದಿದೆ. ಅದು ಸಂರಕ್ಷಿತ ಸ್ಮಾರಕ ಎಂದು ಘೋಷಣೆಯಾದವಕ್ಕೆ. ನಿಮ್ಮ ಚಿಕ್ಕಪ್ಪನ ಮಗನ ಮನೆ ಅದರೊಳಗೆ ಸಿಕ್ಕಿಕೊಂಡಿರುವುದು ಹೊಯ್ಸಳೇಶ್ವರನ ದೆಸೆಯಿಂದ. ಬದುವಿನ ಒಂಟಿ ಕಲ್ಲನ್ನು ನೀವು ತೋರಿಸಿದ ಮಾತ್ರಕ್ಕೆ ಆ ಗೆರೆ ಎದ್ದು ಬರುವುದಿಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ನಮ್ಮ ಕಡೆ ರಾತ್ರೋರಾತ್ರಿ ಕೆರೆಗೆ ಉರುಳಿಸಿದ ಕಲ್ಲುಗಳ ಲೆಕ್ಕ ನನಗೆ ಗೊತ್ತು. ಬಾಯಿ ಬಿಡುವುದಿಲ್ಲ, ಅಷ್ಟೆ.

ಅಗೆಯುವ ಮುಂಚೆ ಯಾರಾದರೂ ನೋಡುತ್ತಾರಾ? ನಿಮ್ಮ ಹೊಲದಂಥ ಜಾಗವನ್ನು ಅಗೆದು ನೋಡಲೇಬೇಕು ಎಂಬ ಕಟ್ಟಳೆ ನಮ್ಮಲ್ಲಿಲ್ಲ. ದೊಡ್ಡ ಯೋಜನೆಗಳಿಗೆ 2006ರ ಪರಿಸರ ಅಧಿಸೂಚನೆಯ ಅರ್ಜಿಯಲ್ಲಿ, ಸಾಂಸ್ಕೃತಿಕ ಮಹತ್ವಕ್ಕಾಗಿ ಸಂರಕ್ಷಿಸಿದ ಜಾಗ ಹತ್ತಿರದಲ್ಲಿದೆಯೇ ಎಂದು ಒಂದು ಸಾಲು ಕೇಳುತ್ತಾರೆ. ಸಂರಕ್ಷಿಸಿದ್ದು ಯಾವುದು? ಪಟ್ಟಿಯಲ್ಲಿರುವುದು. ಪಟ್ಟಿಗೆ ಸೇರುವುದು ಯಾವುದು? ಯಾರೋ ಮುಂಚೆಯೇ ನೋಡಿ ಬರೆದದ್ದು. ನಿಮ್ಮ ಕೊಡೆರಾಯನನ್ನು ಯಾರೂ ನೋಡಿಲ್ಲ, ಹಾಗಾಗಿ ಅವನು ಇಲ್ಲ.

ಅಣೆಕಟ್ಟೆಗಳಿಗೆ ಮಾತ್ರ ಒಮ್ಮೊಮ್ಮೆ ಕಣ್ಣು ಬಿಟ್ಟಿದ್ದಾರೆ. ನಾಗಾರ್ಜುನಸಾಗರ ಕಟ್ಟುವಾಗ 1954ರಿಂದ 1960ರವರೆಗೆ ನಾಗಾರ್ಜುನಕೊಂಡದ ಇಡೀ ಕಣಿವೆಯನ್ನು ಅಗೆದು, ಸ್ತೂಪ ವಿಹಾರಗಳನ್ನು ಎತ್ತಿ ಗುಡ್ಡದ ಮೇಲೆ ಮತ್ತೆ ಕಟ್ಟಿದರು. ಆ ಗುಡ್ಡ ಈಗ ನೀರಿನ ನಡುವಿನ ದ್ವೀಪ. ನಮ್ಮ ಗೊರೂರಿಗೆ ಬನ್ನಿ. ಹೇಮಾವತಿ ಹಿನ್ನೀರಲ್ಲಿ ಶೆಟ್ಟಿಹಳ್ಳಿ ಚರ್ಚು ತಲೆ ಎತ್ತಿ ನಿಂತಿದೆ, ಮದುವೆ ಗಂಡುಹೆಣ್ಣು ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ನೀರಿನಡಿ ಹೋದ ಹಳ್ಳಿಗಳ ಮಾಸ್ತಿಕಲ್ಲು, ವೀರಗಲ್ಲುಗಳ ಫೋಟೊ ಯಾರ ಹತ್ತಿರ ಇದೆ?

ಈಗ ನಿಮ್ಮ ಕಲ್ಲಿಗೆ ಬರೋಣ. ಕೊಡೆ, ಕಮಂಡಲ, ಗಿಡ್ಡ ಮೈ. ಇದು ವಾಮನಮುದ್ರೆ ಕಲ್ಲು. ವಿಷ್ಣು ದೇವಸ್ಥಾನಕ್ಕೋ ಅಗ್ರಹಾರಕ್ಕೋ ಬಿಟ್ಟ ಭೂಮಿಯ ಎಲ್ಲೆಗೆ ನೆಡುತ್ತಿದ್ದದ್ದು. ಶಿವನ ಗುಡಿಯದಾದರೆ ಲಿಂಗಮುದ್ರೆ, ಬಸದಿಯದಾದರೆ ಮುಕ್ಕೊಡೆ. ಮೂರು ಹೆಜ್ಜೆಯಲ್ಲಿ ಮೂರು ಲೋಕ ಅಳೆದವನನ್ನೇ ಎಲ್ಲೆಗೆ ನಿಲ್ಲಿಸಿದ್ದಾರೆ ನೋಡಿ. ನಮ್ಮ ಸರ್ವೆ ಕಚೇರಿಗಳಲ್ಲಿ ಅವನ ಫೋಟೊ ಯಾಕಿಲ್ಲವೋ.

ಆ ಸೂಪರ್‌ವೈಸರ್ ಹುಡುಗನಿಗೆ ಇದೊಂದನ್ನು ಬಿಡಿಸಿ ಹೇಳಿ. ವೀರಗಲ್ಲನ್ನು ಎತ್ತಿಟ್ಟರೂ ಕೆತ್ತಿದ ಕತೆ ಅರ್ಧವಾದರೂ ಉಳಿಯುತ್ತದೆ. ಎಲ್ಲೆಕಲ್ಲಿಗೆ ನಿಂತ ಜಾಗವೇ ಕತೆ. ಸರ್ವೆಯಲ್ಲಿ ಗಡಿ ಗುರುತಿಗೆ ನಾನು ನೆಟ್ಟ ಬಾಂದುಕಲ್ಲನ್ನು ಕಿತ್ತು ತಾಲ್ಲೂಕು ಕಚೇರಿಗೆ ತಂದಿಟ್ಟರೆ ಅದು ಬಾಗಿಲು ಬಡಿಯದ ಹಾಗೆ ಅಡ್ಡ ಇಡುವ ಕಲ್ಲು.

ಆದ್ದರಿಂದ ಎತ್ತುವುದೇ ಆದರೂ ಅಳತೆ ಆಗದೆ ಎತ್ತಬಾರದು. ಮೊಬೈಲ್ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಆಡುತ್ತದೆ, ಅದನ್ನೊಂದೇ ನೆಚ್ಚಬೇಡಿ. ಹತ್ತಿರದ ಎರಡು ಬಾಂದುಕಲ್ಲು ಹುಡುಕಿ, ಎರಡರಿಂದಲೂ ಟೇಪ್ ಹಿಡಿದು ಕಲ್ಲಿನ ನಡುವಿಗೆ ಅಳೆಯಿರಿ. ಆ ಎರಡು ಬಾಂದುಕಲ್ಲಿನ ಗೆರೆಗೆ ಯಾವ ಮಗ್ಗುಲಲ್ಲಿದೆ ಎಂದು ಬರೆದರೆ ಜಾಗ ಒಂದೇ ಒಂದು, ತಪ್ಪುವುದಿಲ್ಲ. ವಾಮನನ ಮುಖ ಯಾವ ದಿಕ್ಕಿಗಿದೆ ಬರೆಯಿರಿ, ಅದು ಮುಖ್ಯ. ಫೋಟೊದಲ್ಲಿ ಪಕ್ಕಕ್ಕೊಂದು ಸ್ಕೇಲು ಇರಲಿ. ಬುಡ ಕೆದಕಬೇಡಿ, ಅಲ್ಲಿ ಅಕ್ಷರ ಇದ್ದೀತು. ತಂತಿ ಬ್ರಶ್ಶು, ಎಣ್ಣೆ, ಮೈದಾಹಿಟ್ಟು ಯಾವುದೂ ಬೇಡ. ಬೆಳಗಿನ ಓರೆ ಬಿಸಿಲಲ್ಲಿ ಫೋಟೊ ಹೊಡೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ.

ಆಮೇಲೆ ಅರ್ಜಿ. ಜಿಲ್ಲಾಧಿಕಾರಿಗೆ ಒಂದು, ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಒಂದು, ತಹಸೀಲ್ದಾರರಿಗೆ ಪ್ರತಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿ ಬಿಟ್ಟು ಏಳಬೇಡಿ. ಗ್ರಾಮ ಆಡಳಿತಾಧಿಕಾರಿಯಿಂದ ಒಂದು ಸ್ಥಳ ಮಹಜರು ಆಗಿಬಿಟ್ಟರೆ ಕೊಡೆರಾಯ ಕಾಗದದ ಮೇಲೆ ಹುಟ್ಟಿದ ಹಾಗೆ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಶಾಸನ ಪುರಾವಸ್ತು, ಆ ಮಾತನ್ನೂ ಅರ್ಜಿಯಲ್ಲಿ ಸೇರಿಸಿ.

ದಿಣ್ಣೆಯ ಚೂರುಗಳ ವಿಷಯ ಬೇರೆಯೇ. ಒಳಗೆ ಕಪ್ಪು ಹೊರಗೆ ಕೆಂಪು ಅಂದಿರಿ. ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ವೀಲರ್ 1947ರಲ್ಲಿ ಅಗೆದಾಗ ದೊಡ್ಡ ಕಲ್ಲುಗಳ ಸಮಾಧಿಗಳಲ್ಲಿ ಸಿಕ್ಕ ಮಡಕೆಗಳು ಆ ಜಾತಿಯವು. ಕಬ್ಬಿಣ ಬಂದ ಕಾಲದವು, ಹೊಯ್ಸಳರಿಗೆ ಎಷ್ಟೋ ಹಿಂದಿನವು. ಮಂಜ ಹೇಳಿದ ಗುಡಾಣ, ಚಪ್ಪಡಿ, ಮೂಳೆ ಕೇಳಿದಾಗಲೂ ನನಗೆ ಅದೇ ನೆನಪಾಯಿತು.

ಕೊನೆಗೊಂದು ಕೆಲಸ. ಭೂದಾಖಲೆ ಇಲಾಖೆಯ ವೆಬ್‌ಸೈಟಿನಲ್ಲಿ ನಿಮ್ಮೂರ ಗ್ರಾಮ ನಕ್ಷೆ ಸಿಗುತ್ತದೆ. ಕಲ್ಲು ನಿಂತ ಜಾಗ ನಕ್ಷೆಯ ಮೇಲೆ ಎಲ್ಲಿ ಬೀಳುತ್ತದೆ ನೋಡಿ ಹೇಳಿ. ನನಗೊಂದು ಅನುಮಾನ ಇದೆ.

ಹೇಮಾವತಿ_ದಂಡೆ:

ನಮ್ಮೂರು ಸಕಲೇಶಪುರ. ಒಂಬತ್ತು ವರ್ಷದಿಂದ ಇಂಗ್ಲೆಂಡಿನಲ್ಲಿ ರಸ್ತೆ ಚರಂಡಿ ಡಿಸೈನ್ ಮಾಡೋ ಕೆಲಸ. ಫಾರಿನ್ ಅಂದಿರಲ್ಲ, ನಾನು ಕಂಡಷ್ಟು ಹೇಳ್ತೀನಿ.

ಇಲ್ಲಿ ಮಣ್ಣು ಮುಟ್ಟೋ ಮುಂಚೆ ಒಬ್ಬರು ಕೂತು ಹಳೇ ನಕ್ಷೆ, ವಿಮಾನದಿಂದ ತೆಗೆದ ಫೋಟೊ, ಹಿಂದೆ ಸಿಕ್ಕಿದ ವಸ್ತುಗಳ ದಾಖಲೆ ಎಲ್ಲ ಓದಿ ವರದಿ ಬರೀತಾರೆ. ಅನುಮಾನ ಬಂದ ಕಡೆ ಹೊಲದಲ್ಲಿ ಮ್ಯಾಗ್ನೆಟೋಮೀಟರ್ ಹೊತ್ತು ನಡೀತಾರೆ. ಹಳೇ ಒಲೆ, ಮುಚ್ಚಿಹೋದ ಹಳ್ಳದ ಮಣ್ಣಿಗೆ ಕಾಂತಗುಣ ಸ್ವಲ್ಪ ಬೇರೆ ಇರುತ್ತೆ, ಅದು ಕಂಪ್ಯೂಟರಲ್ಲಿ ಕಪ್ಪು ಬಿಳುಪಿನ ಕಲೆಯಾಗಿ ಕಾಣುತ್ತೆ. ಆಮೇಲೆ ಅಲ್ಲಲ್ಲಿ ಉದ್ದುದ್ದ ಪರೀಕ್ಷಾ ಗುಂಡಿ. ಅದೂ ಮಷೀನಲ್ಲೇ, ಆದರೆ ಹಲ್ಲಿಲ್ಲದ ಬಕೆಟ್ ಹಾಕಿ, ಪಕ್ಕದಲ್ಲಿ ಪುರಾತತ್ವದವರು ನಿಂತು, ಮೇಲ್ಮಣ್ಣನ್ನ ಕೆನೆ ತೆಗೆದ ಹಾಗೆ ತೆಳುವಾಗಿ ತೆಗೀತಾರೆ. ಹಲ್ಲಿದ್ದರೆ ನೆಲ ಗೀರಾಗುತ್ತೆ, ಬಣ್ಣದ ವ್ಯತ್ಯಾಸ ಕಾಣಲ್ಲ.

ಖರ್ಚು ಕಟ್ಟೋರದ್ದೇ. ಇದು ಸುಮ್ಮನೆ ಬಂದದ್ದಲ್ಲ. 1989ರಲ್ಲಿ ಲಂಡನ್ನಿನಲ್ಲಿ ಆಫೀಸ್ ಕಟ್ಟಡಕ್ಕೆ ಪಾಯ ತೆಗೆಯುವಾಗ ಷೇಕ್ಸ್‌ಪಿಯರ್ ಕಾಲದ ರೋಸ್ ನಾಟಕಶಾಲೆಯ ಬುಡ ಸಿಕ್ತು, ನಟರೆಲ್ಲ ಬೀದಿಗಿಳಿದು ಗಲಾಟೆ ಮಾಡಿದ್ರು. ಮುಂದಿನ ವರ್ಷವೇ ಸರ್ಕಾರ, ಅನುಮತಿ ಕೊಡೋ ಮುಂಚೆ ಪರೀಕ್ಷೆ ಆಗಬೇಕು ಅಂತ ಮಾರ್ಗಸೂಚಿ ತಂತು. ಲಿವರ್‌ಪೂಲ್ ಸ್ಟ್ರೀಟ್ ಹತ್ತಿರ ಹೊಸ ರೈಲು ನಿಲ್ದಾಣಕ್ಕೆ ಅಗೆದಾಗ 3000ಕ್ಕೂ ಹೆಚ್ಚು ಅಸ್ಥಿಪಂಜರ ತೆಗೆದರು. 2019ರಲ್ಲಿ ಯೂಸ್ಟನ್‌ನಲ್ಲಿ ಆಸ್ಟ್ರೇಲಿಯಾ ಸುತ್ತ ಹಡಗಲ್ಲಿ ಹೋಗಿ ನಕ್ಷೆ ಬರೆದ ಫ್ಲಿಂಡರ್ಸ್‌ನ ಶವಪೆಟ್ಟಿಗೆ ಸಿಕ್ತು, ಮೇಲಿನ ಸೀಸದ ತಗಡಿನಲ್ಲಿ ಹೆಸರು ಇದ್ದದ್ದರಿಂದ ಗುರುತು ಹಿಡಿದರು. ಬಾಂದುಕಲ್ಲು ಅಂಕಲ್, ಅವನೂ ನಿಮ್ಮ ಕಸುಬಿನವನೇ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಇಷ್ಟೆಲ್ಲ ಮಾಡಿದ ಮೇಲೂ ಬಹುಪಾಲು ಕಡೆ ಬರೆದುಕೊಂಡು, ತೆಗೆದುಕೊಂಡು, ಮೇಲೆ ರಸ್ತೆ ಹಾಕೇ ಹಾಕ್ತಾರೆ. ಸರ್ವೆ ಅಂದ್ರೆ ರಸ್ತೆ ನಿಲ್ಲಿಸೋದು ಅಂತ ನಮ್ಮೂರಲ್ಲಿ ಹೆದರ್ತಾರಲ್ಲ, ಹಂಗಲ್ಲ. ನಮ್ಮ ತಂಡದಲ್ಲಿ ಪುರಾತತ್ವಕ್ಕೆ ವೇಳಾಪಟ್ಟಿಯಲ್ಲೇ ವಾರ ಎಣಿಸಿ ಇಟ್ಟಿರ್ತೀವಿ, ಕಾಂಕ್ರೀಟ್ ಒಣಗೋಕೆ ಇಟ್ಟ ಹಾಗೆ. ಕೆಲಸ ನಿಲ್ಲೋದು ಮೊದಲೇ ನೋಡದೆ ಅರ್ಧದಲ್ಲಿ ಸಿಕ್ಕಾಗ.

ಹಿಟಾಚಿ_ಮಂಜ:

ಅಕ್ಕ, ಹಲ್ಲಿಲ್ಲದ ಬಕೆಟ್ ನಮ್ಮಲ್ಲೂ ಇದೆ. ನಾಲೆ ಇಳಿಜಾರು ಲೆವೆಲ್ ಮಾಡೋಕೆ ಹಾಕ್ತೀವಿ. ಪಿನ್ ಬಿಚ್ಚಿ ಬದಲಾಯಿಸೋಕೆ ಅರ್ಧ ಗಂಟೆ. ಯಾರಾದ್ರೂ ಹೇಳಬೇಕಲ್ಲ, ಹಾಕು ಅಂತ.

ಶುಂಠಿಹೊಲ:

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನ ಆಯ್ತು, ನಡೆದದ್ದು ಬರೀತೀನಿ.

ಸುಣ್ಣ ಹಾಕಿ ಗೂಟ ಹೊಡೆದೆ. ಹೆಂಡತಿಯ ಹಳೇ ಕೆಂಪು ಲಂಗದ ಬಟ್ಟೆ, ದೂರಕ್ಕೇ ಕಾಣುತ್ತೆ. ಮಗ ಟೇಪ್ ಹಿಡಿದ, ನಾನು ಬರೆದುಕೊಂಡೆ. ಬಾಂದುಕಲ್ಲು ಹುಡುಕೋದೇ ಅರ್ಧ ದಿನ ಆಯ್ತು, ಒಂದು ಇರುವೆ ಗೂಡಿನೊಳಗೆ ಹೋಗಿತ್ತು. ಒಂದರಿಂದ 41 ಮೀಟರ್ 30 ಸೆಂಟಿ, ಇನ್ನೊಂದರಿಂದ 58 ಮೀಟರ್ 10. ಕೊಡೆರಾಯನ ಮುಖ ಮೂಡಲಿಗೆ.

ಸರ್, ನಿಮ್ಮ ಅನುಮಾನ ಸರಿ ಅನ್ಸುತ್ತೆ. ಗ್ರಾಮ ನಕ್ಷೆ ಪ್ರಿಂಟ್ ತೆಗೆಸಿ ಅಳತೆ ಹಾಕಿದರೆ ಕಲ್ಲು ಬೀಳೋದು ನಮ್ಮೂರು ಮತ್ತು ಪಕ್ಕದೂರಿನ ಗಡಿಗೆರೆ ಮೇಲೇ. ಇಷ್ಟು ವರ್ಷ ಅದು ನಮ್ಮ ಬದು ಅಂದ್ಕೊಂಡಿದ್ದೆ.

ಮಹಜರು ಆಯ್ತು. ಗ್ರಾಮ ಆಡಳಿತಾಧಿಕಾರಿ ಮೇಡಂ ಮೊದಲು "ಕಲ್ಲಿಗೆಲ್ಲ ಮಹಜರು ಮಾಡೋ ನಮೂನೆ ಇಲ್ಲ ಕಣ್ರೀ" ಅಂದ್ರು. ಕಾಫಿ ಕುಡಿದು ಹೊಲಕ್ಕೆ ಬಂದ ಮೇಲೆ ಅವರೇ ಬಗ್ಗಿ ಬಗ್ಗಿ ನೋಡಿ, "ನಮ್ಮ ತವರೂರಲ್ಲೂ ಇಂಥದ್ದಿದೆ, ಬಟ್ಟೆ ಒಗೀತಾರೆ" ಅಂದ್ರು. ಸಾಕ್ಷಿಗೆ ಸೂಪರ್‌ವೈಸರ್ ಹುಡುಗನೇ ಸಹಿ ಹಾಕಿದ. ಮಂಜ, ಬಕೆಟ್ ವಿಷಯ ಅವನಿಗೆ ಹೇಳಿದ್ದೀನಿ. ದಿಣ್ಣೆ ಹತ್ತಿರ ಬಂದಾಗ ಹಲ್ಲಿಲ್ಲದ್ದು ಹಾಕಿಸ್ತೀನಿ, ಮೇಲಿನವರನ್ನ ಕೇಳಬೇಕು ಅಂದ. ಕೇಳಿದ್ನೋ ಇಲ್ಲವೋ. ಅರ್ಜಿ ಎರಡೂ ಕಡೆ ಕೊಟ್ಟು ಮುದ್ರೆ ಹಾಕಿಸಿದ್ದೀನಿ. ಇಲಾಖೆಯಿಂದ ಒಬ್ಬರು ಫೋನ್ ಮಾಡಿ ಫೋಟೊ ಕಳಿಸಿ ಅಂದ್ರು, ಕಳಿಸಿದೆ. ಸದ್ಯಕ್ಕೆ ಅಷ್ಟೇ. ಕೆಲಸ ಆ ತುದಿಯಿಂದ ಶುರುವಾಗಿದೆ, ನಮ್ಮ ಹೊಲಕ್ಕೆ ಬರೋಕೆ ತಿಂಗಳಾಗಬಹುದು.

ನಿನ್ನೆ ಸಂಜೆ ಮಗನ ಜೊತೆ ಗಡಿಗೆರೆ ಹಿಡಿದು ಬಡಗಲಿಗೆ ನಡೆದೆ, ಸುಮ್ಮನೆ. ಹಳ್ಳ ದಾಟಿದ ಮೇಲೆ ನಮ್ಮ ದಾಯಾದಿಗಳ ಕೊಟ್ಟಿಗೆ. ಎತ್ತು ಕಟ್ಟೋ ಕಲ್ಲು ನಾನು ಚಿಕ್ಕಂದಿನಿಂದ ನೋಡಿದ್ದೇ. ಸಗಣಿ ಒರೆಸಿ ಟಾರ್ಚ್ ಓರೆಯಾಗಿ ಬಿಟ್ಟೆ. ಹಗ್ಗ ಉಜ್ಜಿ ಉಜ್ಜಿ ಕೊಡೆಯ ಕೋಲು ಸವೆದುಹೋಗಿದೆ, ಕೊಡೆ ಗಾಳಿಯಲ್ಲಿ ತೇಲಿದ ಹಾಗಿದೆ. ಕೆಳಗೆ ಅದೇ ಕುಳ್ಳ ಹುಡುಗ, ಚೊಂಬು. ದಾಯಾದಿಯ ಹೆಂಡತಿ ಬಂದು ನೋಡಿ, ತಕ್ಷಣ ಹಗ್ಗ ಬಿಚ್ಚಿ ಎತ್ತನ್ನ ಬೇಲಿಗೂಟಕ್ಕೆ ಕಟ್ಟಿದ್ರು. ಇದು ರಸ್ತೆಗೆ ಹೋಗೋ ಪಟ್ಟಿಯಿಂದ ಆಚೆ ಇದೆ.

ಬಾಂದುಕಲ್ಲು:

ಎರಡರ ನಡುವೆ ಎಷ್ಟು ದೂರ? ಎರಡನೆಯದರ ಮುಖ ಎತ್ತ? ಎತ್ತು ಕಟ್ಟಲು ತಂದು ನೆಟ್ಟದ್ದೋ, ಮೊದಲಿಂದ ಅಲ್ಲೇ ಇದ್ದದ್ದೋ, ಅವರ ಮನೆಯ ಹಿರಿಯರನ್ನು ಕೇಳಿ. ಬ್ರಿಟಿಷರ ಕಾಲದ ಸರ್ವೆಯಲ್ಲಿ ಊರಗಡಿ ಹಾಕುವಾಗ ಜನ ತೋರಿಸಿದ ಹಳೇ ಎಲ್ಲೆಯನ್ನೇ ಎಷ್ಟೋ ಕಡೆ ಹಿಡಿದಿದ್ದಾರೆ. ರೈಸ್ ಸಾಹೇಬರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟ ತಂದಿದ್ದಾರಲ್ಲ, ಎಪಿಗ್ರಾಫಿಯಾ ಕರ್ನಾಟಿಕದ ಐದನೆಯದು. ಅದರಲ್ಲಿ ನಿಮ್ಮೂರ ಹೆಸರು, ಪಕ್ಕದೂರ ಹೆಸರು ಎರಡನ್ನೂ ಹುಡುಕುತ್ತೇನೆ. ದಾನಶಾಸನಗಳಲ್ಲಿ ಮೂಡಲಿಗೆ ಇಂಥ ಹಳ್ಳ, ತೆಂಕಲಿಗೆ ಇಂಥ ಕೆರೆ ಎಂದು ಸೀಮೆ ಬರೆದಿರುತ್ತಾರೆ. ಊರ ಹೆಸರು ಇಲ್ಲಿ ಹಾಕಬೇಡಿ, ನನಗೆ ಖಾಸಗಿಯಾಗಿ ಕಳಿಸಿ.

ಶುಂಠಿಹೊಲ:

ಕಳಿಸಿದೆ ಸರ್. ನಡುವೆ 212 ಮೀಟರ್. ಅದರ ಮುಖವೂ ಮೂಡಲಿಗೇ. ಅಜ್ಜ ಕೊಟ್ಟಿಗೆ ಕಟ್ಟುವಾಗಲೇ ಅಲ್ಲಿತ್ತಂತೆ, ಕಲ್ಲು ನೋಡಿಯೇ ಅಲ್ಲಿ ಕೊಟ್ಟಿಗೆ ಹಾಕಿದ್ದಂತೆ. ಗೆರೆ ಹಾಗೇ ಮುಂದೆ ಹೋದ್ರೆ ನಮ್ಮ ಹಳೇ ಕೆರೆ ಏರಿ ಸಿಗುತ್ತೆ, ತೂಬಿನ ಪಕ್ಕ ಲಂಟಾನ ಆಳೆತ್ತರ ಬೆಳೆದಿದೆ. ಭಾನುವಾರ ಬಿಡುವಿದ್ರೆ ಬನ್ನಿ. ಮಚ್ಚು ಎರಡು ಮಸೆದಿಟ್ಟಿರ್ತೀನಿ, ಮಧ್ಯಾಹ್ನ ಮುದ್ದೆ, ಹುರುಳಿಕಾಳು ಬಸ್ಸಾರು.